ಮೊದಲ ಉಸಿರು, ಪಳಗಿದ ಕೈ

ಲಿಂಗಾಯತ ಪರಂಪರೆಯಲ್ಲಿ ಸಂಸ್ಕಾರವು ಮಗು ಹುಟ್ಟಿದ ಮೇಲೆ ಆರಂಭವಾಗುವುದಿಲ್ಲ. ತಾಯಿಯ ಗರ್ಭದಲ್ಲಿರುವಾಗಲೇ ಅದಕ್ಕೆ ಲಿಂಗಧಾರಣೆಯಾಗುತ್ತದೆ. ಇನ್ನೂ ಮುಖ ಕಾಣದ, ಹೆಸರು ಪಡೆಯದ ಆ ಕೂಸನ್ನು ನಮ್ಮ ಹಿರಿಯರು ಆಗಲೇ ಒಂದು ಪೂರ್ಣ ಜೀವವೆಂದು ಬಗೆದರು. ಹಾಗೆ ಬಗೆದ ಮೇಲೆ, ಆ ಜೀವ ಲೋಕಕ್ಕೆ ಬರುವ ಗಳಿಗೆಯಲ್ಲಿ ಅದನ್ನು ಬರಮಾಡಿಕೊಳ್ಳುವ ಕೈಗಳು ತಮ್ಮ ಕೆಲಸವನ್ನು ಎಲ್ಲಿ, ಹೇಗೆ ಕಲಿತಿವೆ ಎಂದು ವಿಚಾರಿಸುವುದೂ ನಮ್ಮ ಹೊಣೆಯೇ ಆಗುತ್ತದೆ.

ಈ ಸಂಚಿಕೆಯ ಆರೋಗ್ಯ ಪಾಠದಲ್ಲಿ ನಾವು ಆ ಕಲಿಕೆಯನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ವೈದ್ಯರೂ ಶುಶ್ರೂಷಕಿಯರೂ ರೋಗಿಯನ್ನು ಮುಟ್ಟುವ ಮೊದಲು ಗೊಂಬೆಯ ಮೇಲೆ ಕೈ ಪಳಗಿಸಿಕೊಳ್ಳುವ ವಿಧಾನಕ್ಕೆ ಸಿಮ್ಯುಲೇಷನ್ ಶಿಕ್ಷಣವೆಂದು ಹೆಸರು; ಕನ್ನಡದಲ್ಲಿ ಅದನ್ನು ಅಣಕು ಅಭ್ಯಾಸ ಎನ್ನೋಣ. ಇದು ದೊಡ್ಡ ನಗರಗಳ ದೊಡ್ಡ ಕಾಲೇಜುಗಳಿಗೆ ಸೇರಿದ ಮಾತೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಠಾಣಾ ಕುಶನೂರಿನಂತಹ ಊರುಗಳಿಗೆ ಇದರ ಅಗತ್ಯ ನಗರಗಳಿಗಿಂತ ಹೆಚ್ಚು. ಅದು ಏಕೆಂಬುದನ್ನು ಮೊದಲು ತಿಳಿಯೋಣ.

ಒಂದು ನಿಮಿಷದ ಲೆಕ್ಕ

ಗರ್ಭದಲ್ಲಿರುವಷ್ಟು ಕಾಲ ಮಗುವಿಗೆ ಆಮ್ಲಜನಕವು ಹೊಕ್ಕುಳಬಳ್ಳಿಯ ಮೂಲಕ ತಾಯಿಯಿಂದ ದೊರೆಯುತ್ತದೆ. ಆಗ ಅದರ ಶ್ವಾಸಕೋಶಗಳಲ್ಲಿ ಗಾಳಿಯಿರುವುದಿಲ್ಲ, ದ್ರವ ತುಂಬಿರುತ್ತದೆ. ಹುಟ್ಟಿದೊಡನೆ ಮಗು ಅತ್ತು, ಎದೆ ಹಿಗ್ಗಿಸಿ, ಆ ದ್ರವವನ್ನು ಸರಿಸಿ ಗಾಳಿಯನ್ನು ಒಳಗೆ ಎಳೆದುಕೊಳ್ಳಬೇಕು. ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಇದನ್ನು ತಾವಾಗಿಯೇ ಮಾಡುತ್ತವೆ. ಉಳಿದ ಒಂದು ಮಗುವಿಗೆ ಯಾರಾದರೂ ನೆರವಾಗಬೇಕಾಗುತ್ತದೆ.

ಆ ನೆರವು ಬಹುಪಾಲು ಸರಳವಾದುದೇ. ಒಣಬಟ್ಟೆಯಿಂದ ಮೈಯನ್ನು ಚೆನ್ನಾಗಿ ಒರೆಸುವುದು, ಬೆಚ್ಚಗಿಡುವುದು, ತಲೆಯನ್ನು ಸರಿಯಾದ ಭಂಗಿಯಲ್ಲಿರಿಸುವುದು, ಬೆನ್ನನ್ನು ಉಜ್ಜುವುದು. ಅಷ್ಟಕ್ಕೂ ಉಸಿರಾಡದಿದ್ದರೆ ಮೂಗು ಬಾಯಿಗಳ ಮೇಲೆ ಪುಟ್ಟ ಮಾಸ್ಕ್ ಇರಿಸಿ, ಕೈಯಿಂದ ಒತ್ತುವ ಚೀಲದ ಮೂಲಕ ಗಾಳಿ ಕೊಡುವುದು. ಆಸ್ಪತ್ರೆಗಳಲ್ಲಿ ಆಂಬು ಬ್ಯಾಗ್ ಎಂದು ಕರೆಯುವುದು ಈ ಚೀಲವನ್ನೇ. ಇದನ್ನೂ ಮೀರಿ ಎದೆಯನ್ನು ಒತ್ತುವ, ಔಷಧ ಕೊಡುವ ಸಂದರ್ಭ ನೂರು ಹೆರಿಗೆಗಳಲ್ಲಿ ಒಂದಕ್ಕಿಂತಲೂ ಕಡಿಮೆ.

ಕೆಲಸ ಸರಳವಾದರೂ ಕಾಲಾವಕಾಶ ಬಹಳ ಕಿರಿದು. ಒರೆಸುವುದರಿಂದ ಹಿಡಿದು ಚೀಲದಿಂದ ಗಾಳಿ ಕೊಡುವವರೆಗಿನ ಹೆಜ್ಜೆಗಳು ಹುಟ್ಟಿದ ಮೊದಲ ಒಂದು ನಿಮಿಷದೊಳಗೆ ಆರಂಭವಾಗಿರಬೇಕು. ಇದಕ್ಕೆ ವೈದ್ಯರು ಸುವರ್ಣ ನಿಮಿಷವೆಂದು ಹೆಸರಿಟ್ಟಿದ್ದಾರೆ. ತಡವಾದಷ್ಟೂ ಮೆದುಳಿಗೆ ಆಮ್ಲಜನಕದ ಕೊರತೆಯ ಪೆಟ್ಟು ಬೀಳುತ್ತದೆ. ಅಂತಹ ಮಗು ಬದುಕಿ ಉಳಿದರೂ ಫಿಟ್ಸ್, ಕೈಕಾಲುಗಳ ಬಿಗಿತ, ಬುದ್ಧಿಯ ಬೆಳವಣಿಗೆಯಲ್ಲಿ ಹಿನ್ನಡೆ ಮುಂತಾದ ತೊಂದರೆಗಳು ಜೀವನವಿಡೀ ಉಳಿಯಬಹುದು.

ಈಗ ನಮ್ಮ ಭಾಗದ ಸ್ಥಿತಿಯನ್ನು ನೆನೆಯೋಣ. ಔರಾದ, ಕಮಲನಗರಗಳ ಕಡೆಯ ಹಳ್ಳಿಯಲ್ಲಿ, ತಾಂಡಾದಲ್ಲಿ ತವರಿಗೆ ಬಂದ ಮಗಳಿಗೆ ನಡುರಾತ್ರಿ ನೋವು ಕಾಣಿಸಿಕೊಂಡರೆ ಮನೆಯವರು 108ಕ್ಕೆ ಕರೆಮಾಡಿ ಸಮೀಪದ ಆರೋಗ್ಯ ಕೇಂದ್ರಕ್ಕೆ ಕರೆತರುತ್ತಾರೆ. ತೊಂದರೆ ಹೆಚ್ಚಿದರೆ ಭಾಲ್ಕಿಗೋ ಬೀದರಿಗೋ ಗಡಿಯಾಚೆಯ ಉದಗೀರಕ್ಕೋ ಒಯ್ಯುವುದು ವಾಡಿಕೆ. ಶಸ್ತ್ರಚಿಕಿತ್ಸೆಗಾಗಿ, ರಕ್ತಕ್ಕಾಗಿ ಹಾಗೆ ಒಯ್ಯುವುದು ಸರಿಯೇ. ಆದರೆ ಉಸಿರು ಕಟ್ಟಿದ ಕೂಸಿನ ಮೊದಲ ನಿಮಿಷವನ್ನು ಯಾವ ವಾಹನದಲ್ಲಿಯೂ ಒಯ್ಯಲಾಗದು. ಅದು ಹೆರಿಗೆಯಾದ ಕೋಣೆಯಲ್ಲಿಯೇ ಮುಗಿದುಹೋಗುತ್ತದೆ. ಆ ಹೊತ್ತಿನಲ್ಲಿ ಅಲ್ಲಿರುವ ಶುಶ್ರೂಷಕಿಯ ಕೈಯೇ ಆ ಮಗುವಿನ ಪಾಲಿಗೆ ಇರುವ ಏಕೈಕ ದೊಡ್ಡಾಸ್ಪತ್ರೆ.

ಇನ್ನೊಂದು ಕಷ್ಟವೂ ಇದೆ. ತಿಂಗಳಿಗೆ ಹತ್ತಿಪ್ಪತ್ತು ಹೆರಿಗೆಗಳಾಗುವ ಸಣ್ಣ ಕೇಂದ್ರದಲ್ಲಿ ಚೀಲದಿಂದ ಗಾಳಿ ಕೊಡಬೇಕಾದ ಪ್ರಸಂಗ ಅಪರೂಪಕ್ಕೆ ಬರುತ್ತದೆ. ಅಪರೂಪಕ್ಕೆ ಬರುವ ಕೆಲಸದಲ್ಲಿ ಕೈ ಪಳಗುವುದು ಹೇಗೆ? ನಗರದ ದೊಡ್ಡ ಆಸ್ಪತ್ರೆಯಲ್ಲಿ ದಿನವೂ ಅಭ್ಯಾಸ ತಾನಾಗಿಯೇ ಒದಗುತ್ತದೆ, ಹಳ್ಳಿಯಲ್ಲಿ ಒದಗುವುದಿಲ್ಲ. ಈ ಕೊರತೆಯನ್ನು ತುಂಬಲು ಇರುವ ಮಾರ್ಗವೇ ಗೊಂಬೆ.

ಹಳೆಯ ವಿದ್ಯೆ, ಹೊಸ ರೂಪ

ಗೊಂಬೆಯ ಮೇಲೆ ಕಲಿಯುವುದು ಪರದೇಶದಿಂದ ಬಂದ ಹೊಸ ಕಲ್ಪನೆಯಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಒಂಬತ್ತನೆಯ ಅಧ್ಯಾಯವು ಈ ವಿಷಯಕ್ಕೇ ಮೀಸಲಾಗಿದೆ. ಶಿಷ್ಯನು ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ ಕಲಿಯಬೇಕು. ರಕ್ತನಾಳವನ್ನು ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳದ ಮೇಲೆ, ತಾವರೆಯ ದಂಟಿನ ಮೇಲೆ ಅಭ್ಯಸಿಸಬೇಕು. ಹೊಲಿಯುವುದನ್ನು ಬಟ್ಟೆ ಮತ್ತು ಮೆತ್ತನೆಯ ಚರ್ಮದ ಮೇಲೆ, ಪಟ್ಟಿ ಕಟ್ಟುವುದನ್ನು ಮನುಷ್ಯಾಕಾರದ ಗೊಂಬೆಯ ಅಂಗಾಂಗಗಳ ಮೇಲೆ ರೂಢಿಸಿಕೊಳ್ಳಬೇಕು ಎಂದು ಅಲ್ಲಿ ವಿಧಿಸಲಾಗಿದೆ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದವನೂ ಇಂತಹ ಅಭ್ಯಾಸವಿಲ್ಲದಿದ್ದರೆ ಚಿಕಿತ್ಸೆಗೆ ಅನರ್ಹನೆಂಬುದು ಆ ಅಧ್ಯಾಯದ ಅಭಿಪ್ರಾಯ.

ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಮದಾಂ ದು ಕುದ್ರೇ ಎಂಬ ಸೂಲಗಿತ್ತಿ ಬಟ್ಟೆ, ಚರ್ಮ, ಹತ್ತಿಗಳಿಂದ ಹೆರಿಗೆಯ ಮಾದರಿಯೊಂದನ್ನು ಹೊಲಿದು ಸಿದ್ಧಪಡಿಸಿದಳು. 1759ರಲ್ಲಿ ಅಲ್ಲಿಯ ದೊರೆ ಹದಿನೈದನೆಯ ಲೂಯಿ ಆಕೆಗೆ ಹಳ್ಳಿಗಾಡಿನ ಹೆಂಗಸರಿಗೆ ಸೂಲಗಿತ್ತಿತನ ಕಲಿಸುವ ಹೊಣೆ ಒಪ್ಪಿಸಿದನು. ಆಕೆ ವರ್ಷಾನುಗಟ್ಟಲೆ ಊರೂರು ತಿರುಗಿ, ಓದುಬರಹ ಬಾರದ ಹೆಂಗಸರಿಗೂ ಆ ಮಾದರಿಯ ಮೇಲೆಯೇ ಕೈಯಿಡಿಸಿ ಪಾಠ ಹೇಳಿದಳು.

ಇಂದಿನ ಕಾಲದ ಗೊಂಬೆ ಹುಟ್ಟಿದ್ದು ನಾರ್ವೆ ದೇಶದ ಸ್ತವಾಂಗರ್ ಎಂಬ ಪಟ್ಟಣದಲ್ಲಿ. ಅಲ್ಲಿಯ ಆಸ್ಮುಂಡ್ ಲೇರ್ಡಾಲ್ ಆಟಿಕೆಗಳನ್ನು ತಯಾರಿಸುವವರು. ನೀರಿನಲ್ಲಿ ಮುಳುಗಿದ್ದ ತಮ್ಮ ಪುಟ್ಟ ಮಗನನ್ನು ಅವರು ತಾವೇ ಬದುಕಿಸಿಕೊಂಡಿದ್ದರು. ಉಸಿರು ನಿಂತವರಿಗೆ ಬಾಯಿಂದ ಬಾಯಿಗೆ ಗಾಳಿ ಕೊಡುವ ವಿಧಾನವನ್ನು ವೈದ್ಯ ಪೀಟರ್ ಸಫರ್ ಮುಂತಾದವರು ಪ್ರಚುರಪಡಿಸುತ್ತಿದ್ದ ಕಾಲವದು. ಅದನ್ನು ಜನಸಾಮಾನ್ಯರಿಗೆ ಕಲಿಸಲೆಂದು ಲೇರ್ಡಾಲ್ 1960ರಲ್ಲಿ ಆಳೆತ್ತರದ ಗೊಂಬೆಯೊಂದನ್ನು ಹೊರತಂದರು. ಪ್ಯಾರಿಸಿನ ಸೇನ್ ನದಿಯಲ್ಲಿ ದೊರೆತಳೆಂದು ಹೇಳಲಾಗುವ ಅನಾಮಿಕ ಹೆಣ್ಣುಮಗಳೊಬ್ಬಳ ಮುಖದ ಅಚ್ಚನ್ನೇ ಆ ಗೊಂಬೆಗೆ ಇಟ್ಟರು. ಹೀಗೆ ಆಟಿಕೆಯ ಕೈಕಸುಬು ಜೀವ ಉಳಿಸುವ ಕಾಯಕವಾಯಿತು.

ಗೊಂಬೆಯ ಮುಂದೆ ನಡೆಯುವ ಪಾಠ

ನವಜಾತ ಶಿಶುವಿನ ಉಸಿರಾಟಕ್ಕೆ ನೆರವಾಗುವ ತರಬೇತಿಯೊಂದನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಇತರ ಸಂಸ್ಥೆಗಳೊಡನೆ ಸೇರಿ ರೂಪಿಸಿ 2010ರಲ್ಲಿ ಜಗತ್ತಿಗೆ ನೀಡಿತು. ಹೆಲ್ಪಿಂಗ್ ಬೇಬೀಸ್ ಬ್ರೀದ್ ಎಂಬುದು ಅದರ ಹೆಸರು. ಇದಕ್ಕೆ ಬಳಸುವ ಗೊಂಬೆಗೆ ನೀರು ತುಂಬಿದರೆ ಅದು ಎಳೆಗೂಸಿನಂತೆಯೇ ಭಾರವಾಗಿ, ಕತ್ತು ನಿಲ್ಲದೆ ಕೈಯಲ್ಲಿ ವಾಲುತ್ತದೆ. ಅದಕ್ಕೆ ಜೋಡಿಸಿದ ರಬ್ಬರಿನ ಉಂಡೆಗಳನ್ನು ಒತ್ತಿದರೆ ಎದೆ ಏರಿಳಿಯುತ್ತದೆ, ಹೊಕ್ಕುಳಬಳ್ಳಿ ಮಿಡಿಯುತ್ತದೆ. ವಿದ್ಯುತ್ತಾಗಲಿ ಕಂಪ್ಯೂಟರಾಗಲಿ ಇದಕ್ಕೆ ಬೇಕಿಲ್ಲ.

ಕಲಿಯುವವರು ಇಬ್ಬಿಬ್ಬರಾಗಿ ಕೂರುತ್ತಾರೆ. ಒಬ್ಬರು ಹೆರಿಗೆ ಮಾಡಿಸುವವರಾದರೆ ಇನ್ನೊಬ್ಬರು ಗೊಂಬೆಗೆ ಜೀವ ತುಂಬುವವರು. ಅಳಿಸುವುದೂ ಅವರೇ, ಉಸಿರು ನಿಲ್ಲಿಸುವುದೂ ಅವರೇ. ಅನಂತರ ಪಾತ್ರ ಬದಲಾಗುತ್ತದೆ. ಹೆರಿಗೆಗೆ ಮೊದಲೇ ಕೋಣೆ ಬೆಚ್ಚಗಿದೆಯೇ, ಒಣಬಟ್ಟೆ ಎರಡಿವೆಯೇ, ಚೀಲ ಮತ್ತು ಮಾಸ್ಕ್ ಕೈಗೆಟುಕುವಲ್ಲಿವೆಯೇ, ಚೀಲ ಒತ್ತಿದರೆ ಗಾಳಿ ಬರುತ್ತದೆಯೇ ಎಂದು ನೋಡುವುದರಿಂದ ಪಾಠ ಮೊದಲಾಗುತ್ತದೆ. ಬಳಿಕ ಒರೆಸಬೇಕು, ಅಳದಿದ್ದರೆ ತಲೆಯನ್ನು ಸರಿಪಡಿಸಿ ಬೆನ್ನು ಉಜ್ಜಬೇಕು, ಉಸಿರಾಡದಿದ್ದರೆ ಮಾಸ್ಕನ್ನು ಬಿಗಿಯಾಗಿ ಕೂರಿಸಿ ನಿಮಿಷಕ್ಕೆ ಸುಮಾರು 40 ಬಾರಿಯಂತೆ ಗಾಳಿ ಕೊಡಬೇಕು.

ಇಲ್ಲಿಯೇ ಪುಸ್ತಕದ ವಿದ್ಯೆಗೂ ಕೈಯ ವಿದ್ಯೆಗೂ ಇರುವ ಅಂತರ ತಿಳಿಯುವುದು. ಮಾಸ್ಕ್ ಕೂದಲೆಳೆಯಷ್ಟು ಸರಿದರೂ ಗಾಳಿ ಪಕ್ಕಕ್ಕೆ ಸೋರಿಹೋಗುತ್ತದೆ, ಗೊಂಬೆಯ ಎದೆ ಏಳುವುದಿಲ್ಲ. ಕತ್ತು ಹೆಚ್ಚು ಬಾಗಿದರೂ ಹೆಚ್ಚು ಹಿಂದಕ್ಕೆ ಹೋದರೂ ಗಾಳಿಯ ದಾರಿ ಮುಚ್ಚುತ್ತದೆ. ಎದೆ ಏಳಲಿಲ್ಲವೆಂದು ಕಂಡೊಡನೆ ತಲೆಯನ್ನು ಮತ್ತೆ ಸರಿಪಡಿಸಿ, ಮಾಸ್ಕನ್ನು ಮತ್ತೆ ಕೂರಿಸಬೇಕು. ಹತ್ತು ಬಾರಿ ತಪ್ಪಿ ಹನ್ನೊಂದನೆಯ ಬಾರಿ ಎದೆ ಎದ್ದಾಗ ಕಲಿಯುವವರ ಕೈಗೆ ಒಂದು ಗುರುತು ಸಿಗುತ್ತದೆ. ಆ ಹತ್ತು ತಪ್ಪುಗಳನ್ನು ಗೊಂಬೆ ಸಹಿಸುತ್ತದೆ, ಕೂಸು ಸಹಿಸಲಾರದು. ಅಣಕು ಅಭ್ಯಾಸದ ತಿರುಳೆಲ್ಲ ಈ ಮಾತಿನಲ್ಲಿದೆ.

ಬಾಣಂತಿಯ ರಕ್ತಸ್ರಾವವನ್ನು ಎದುರಿಸುವ ಪಾಠವೂ ಹೀಗೆಯೇ. ಅಲ್ಲಿ ತರಬೇತಿ ಕೊಡುವವರೇ ಹೊಟ್ಟೆಗೆ ಮಾದರಿಯೊಂದನ್ನು ಕಟ್ಟಿಕೊಂಡು ಮಲಗುತ್ತಾರೆ. ಅದರೊಳಗಿನ ಚೀಲದಿಂದ ಕೆಂಪು ನೀರು ಹರಿಯತೊಡಗುತ್ತದೆ. ಆಕೆ ಬಾಣಂತಿಯಂತೆ ನರಳುತ್ತಾಳೆ, ಭಯದಿಂದ ಪ್ರಶ್ನೆ ಕೇಳುತ್ತಾಳೆ. ಗರ್ಭಕೋಶವನ್ನು ಉಜ್ಜುವುದು, ಚುಚ್ಚುಮದ್ದು ಕೊಡುವುದು, ಸಹಾಯಕ್ಕೆ ಕೂಗುವುದು, ತಾಯಿಗೆ ಧೈರ್ಯ ಹೇಳುವುದು ಎಲ್ಲವೂ ಏಕಕಾಲಕ್ಕೆ ನಡೆಯಬೇಕು.

ಅಭ್ಯಾಸ ಮುಗಿದ ಮೇಲೆ ಎಲ್ಲರೂ ಸುತ್ತ ಕೂತು ಮಾತನಾಡುವುದು ಈ ಶಿಕ್ಷಣದ ಮುಖ್ಯ ಭಾಗ. ಯಾವುದು ಸರಿಯಾಯಿತು, ಯಾವುದು ತಡವಾಯಿತು, ಮುಂದಿನ ಬಾರಿ ಏನನ್ನು ಬದಲಿಸಬೇಕು ಎಂದು ಒಬ್ಬೊಬ್ಬರೂ ಹೇಳಬೇಕು. ವೈದ್ಯರ ತಪ್ಪನ್ನು ಆಯಾ ಕೂಡ ಎತ್ತಿ ತೋರಿಸಬಹುದು. ಯಾರೂ ಯಾರನ್ನೂ ಗದರುವಂತಿಲ್ಲ. ಅನುಭವ ಮಂಟಪದ ನೆಲವಾದ ನಮ್ಮ ಜಿಲ್ಲೆಯವರಿಗೆ, ಪದವಿಯ ಹಂಗಿಲ್ಲದೆ ಕೂಡಿ ವಿಚಾರಿಸುವ ಈ ಕ್ರಮ ಅಪರಿಚಿತವಾಗಬೇಕಿಲ್ಲ.

ಬೆಳಗಾವಿಯಲ್ಲಿ ಕಂಡ ಸತ್ಯ

ಈ ತರಬೇತಿಯಿಂದ ನಿಜವಾಗಿ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿಯೇ ಪರೀಕ್ಷಿಸಲಾಯಿತು. 1916ರಲ್ಲಿ ಸಪ್ತರ್ಷಿಗಳೆಂದು ಹೆಸರಾದ ಏಳು ಜನರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ನಮ್ಮ ಓದುಗರೆಲ್ಲರೂ ಬಲ್ಲರು. ಅದರ ಆಶ್ರಯದ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ತಾಯಿ ಮಕ್ಕಳ ಆರೋಗ್ಯದ ಸಂಶೋಧನೆಗಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕಟ್ಟಿದ ಜಾಗತಿಕ ಜಾಲದಲ್ಲಿ ಈ ಕಾಲೇಜು 2001ರಲ್ಲಿ ಪಾಲುಗೊಂಡಿತು.

ಈ ಕಾಲೇಜಿನ ವೈದ್ಯರು ವಿದೇಶದ ಸಹೋದ್ಯೋಗಿಗಳೊಡನೆ ಸೇರಿ ಬೆಳಗಾವಿ ಭಾಗದ ಗ್ರಾಮೀಣ ಪ್ರಾಥಮಿಕ ಆರೋಗ್ಯ ಕೇಂದ್ರಗಳ, ಜಿಲ್ಲಾ ಹಾಗೂ ನಗರ ಆಸ್ಪತ್ರೆಗಳ 599 ಹೆರಿಗೆ ಸಿಬ್ಬಂದಿಗೆ ಗೊಂಬೆಯ ಮೇಲೆ ತರಬೇತಿ ಕೊಟ್ಟರು. ತರಬೇತಿಗೆ ಮೊದಲಿನ 4187 ಹೆರಿಗೆಗಳನ್ನೂ ಅನಂತರದ 5411 ಹೆರಿಗೆಗಳನ್ನೂ ಹೋಲಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಫಲಿತಾಂಶ ನಮ್ಮನ್ನು ಯೋಚನೆಗೆ ಹಚ್ಚುವಂಥದು. ಸತ್ತು ಹುಟ್ಟಿದ ಮಕ್ಕಳೆಂದು ದಾಖಲಾಗುತ್ತಿದ್ದವು ಮೊದಲು ಸಾವಿರಕ್ಕೆ ಸುಮಾರು 30. ತರಬೇತಿಯ ನಂತರ 23. ಹೆರಿಗೆಗೆ ಸ್ವಲ್ಪವೇ ಮುನ್ನ ಅಥವಾ ಹೆರಿಗೆಯ ವೇಳೆಯಲ್ಲಿ ಸತ್ತವೆಂದು ಬರೆಯಲಾಗುತ್ತಿದ್ದವು ಸಾವಿರಕ್ಕೆ 17 ಇದ್ದದ್ದು 9ಕ್ಕೆ ಇಳಿಯಿತು.

ಸತ್ತು ಹುಟ್ಟಿದ ಮಗುವನ್ನು ಯಾವ ಗೊಂಬೆಯ ಪಾಠವೂ ಬದುಕಿಸಲಾರದು. ಹಾಗಾದರೆ ಆ ಸಂಖ್ಯೆ ಇಳಿದದ್ದು ಹೇಗೆ? ಸತ್ತಿವೆಯೆಂದು ತಿಳಿದಿದ್ದ ಕೂಸುಗಳಲ್ಲಿ ಕೆಲವು ಸತ್ತಿರಲಿಲ್ಲ. ಅಳದೆ, ಅಲುಗದೆ, ನೀಲಿಗಟ್ಟಿ ಹುಟ್ಟಿದ್ದವು. ಒಳಗೆ ಹೃದಯ ಮಿಡಿಯುತ್ತಿತ್ತು. ಉಸಿರು ಕೊಡುವ ಕೈ ಕಲಿತದ್ದೇ ತಡ, ಅವು ಉಸಿರಾಡಿದವು. ಅದೇ ಅವಧಿಯಲ್ಲಿ ಹುಟ್ಟಿದ ನಂತರ ಸಾಯುವ ಮಕ್ಕಳ ಪ್ರಮಾಣ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯಿತು. ಉಸಿರು ಪಡೆದ ಮಕ್ಕಳೆಲ್ಲ ಕೆಲವು ದಿನಗಳಲ್ಲಿಯೇ ತೀರಿಕೊಂಡಿದ್ದರೆ ಆ ಪ್ರಮಾಣ ಏರಬೇಕಿತ್ತು, ಗಮನಾರ್ಹವಾಗಿ ಏರಲಿಲ್ಲ.

ನಮ್ಮ ಎಷ್ಟೋ ಮನೆಗಳಲ್ಲಿ, ಹುಟ್ಟುವಾಗಲೇ ಜೀವವಿರಲಿಲ್ಲ ಎಂಬ ಮಾತನ್ನು ಕೇಳಿ ಕಣ್ಣೊರೆಸಿಕೊಂಡ ತಾಯಂದಿರಿದ್ದಾರೆ. ಅದು ಆಕೆಯ ಕರ್ಮವೆಂದು, ಕಾಲ್ಗುಣವೆಂದು ಚುಚ್ಚಿ ಆಡಿದವರೂ ಇದ್ದಾರೆ. ಶರಣರು ಒಪ್ಪದ ಈ ಮಾತನ್ನು ನಾವು ಇಂದಿಗೇ ಬಿಡಬೇಕು. ದೋಷ ತಾಯಿಯದಲ್ಲ. ಕಲಿತ ಕೈಯೊಂದು ಆ ನಿಮಿಷದಲ್ಲಿ ಅಲ್ಲಿರಲಿಲ್ಲವೆಂಬುದೇ ಹಲವು ಬಾರಿ ನಿಜ. ಎಲ್ಲ ಸಾವುಗಳೂ ತಪ್ಪುವಂಥವಲ್ಲ ಎಂಬುದೂ ಅಷ್ಟೇ ನಿಜ.

ಸಹಭಾಗಿತ್ವವೆಂದರೆ ಹೊರಗಿನವರು ಕೊಡುವುದು, ನಾವು ಪಡೆಯುವುದು ಎಂದಷ್ಟೇ ತಿಳಿಯಬಾರದು. ಬಾಣಂತಿಯಿಂದ ಹೋದ ರಕ್ತವನ್ನು ಕಣ್ಣಳತೆಯಲ್ಲಿ ಅಂದಾಜಿಸಿದರೆ ಪ್ರಮಾಣ ಕಡಿಮೆಯಾಗಿಯೇ ತೋರುತ್ತದೆ. ಅದಕ್ಕಾಗಿ ಬೆಳಗಾವಿಯ ವೈದ್ಯರು ಅಮೆರಿಕದ ಸಹೋದ್ಯೋಗಿಗಳೊಡನೆ ಸೇರಿ ಅಳತೆಯ ಗೆರೆಗಳಿರುವ ಅಗ್ಗದ ಪ್ಲಾಸ್ಟಿಕ್ ಹಾಸೊಂದನ್ನು ರೂಪಿಸಿದರು. ಅಂತಹದೇ ಗೆರೆಯುಳ್ಳ ಹಾಸಿನಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ, ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಆರಂಭಿಸುವ ಕ್ರಮವನ್ನು ಆಫ್ರಿಕದ ನಾಲ್ಕು ದೇಶಗಳಲ್ಲಿ ಪರೀಕ್ಷಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಆ ಕ್ರಮದಿಂದ ತೀವ್ರ ರಕ್ತಸ್ರಾವ ಮತ್ತು ಅದರ ಗಂಭೀರ ಪರಿಣಾಮಗಳು ಶೇಕಡಾ 60ರಷ್ಟು ತಗ್ಗಿದವು. ಬೆಳಗಾವಿಯಲ್ಲಿ ಮೊಳೆತ ವಿಚಾರ ಹೀಗೆ ಲೋಕಕ್ಕೆ ದಾಸೋಹವಾಯಿತು.

ನಮ್ಮ ಜಿಲ್ಲೆಗೆ ಬಂದ ಹಿರಿಯಕ್ಕಂದಿರು

ಬೆಳಗಾವಿ ನಮಗೆ ದೂರ. ನಮ್ಮ ಬೀದರ ಜಿಲ್ಲೆಗೂ ಇಂತಹ ಸಹಭಾಗಿತ್ವದ ಫಲ ಇನ್ನೊಂದು ದಾರಿಯಿಂದ ಬಂದಿದೆ. ಕೆನಡಾ ದೇಶದ ವಿನಿಪೆಗ್ ನಗರದಲ್ಲಿರುವ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಕೂಡಿ, ಗೇಟ್ಸ್ ಪ್ರತಿಷ್ಠಾನದ ಧನಸಹಾಯದಿಂದ, ಸರ್ಕಾರದ ಆರೋಗ್ಯ ಅಭಿಯಾನಕ್ಕೆ ಬೆಂಬಲವಾಗಿ ಸುಕ್ಷೇಮ ಎಂಬ ಯೋಜನೆಯನ್ನು ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆಸಿದವು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬಾಗಲಕೋಟೆ ಎಂಬವೇ ಆ ಜಿಲ್ಲೆಗಳು.

ಅದರಲ್ಲಿ ನಮಗೆ ಮುಖ್ಯವಾದುದು ಮಾರ್ಗದರ್ಶಿ ಶುಶ್ರೂಷಕಿಯರ ವ್ಯವಸ್ಥೆ. 2012ರ ಆಗಸ್ಟ್‌ನಿಂದ 2014ರ ಜುಲೈವರೆಗೆ 53 ಜನ ಅನುಭವಿ ಶುಶ್ರೂಷಕಿಯರು ಈ ಎಂಟು ಜಿಲ್ಲೆಗಳ 385 ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗಿ, ಅಲ್ಲಿಯ ಸಿಬ್ಬಂದಿಯೊಡನೆ ನಿಂತು ಕಲಿಸಿದರು. ಒಬ್ಬೊಬ್ಬರಿಗೆ ಆರರಿಂದ ಎಂಟು ಕೇಂದ್ರಗಳ ಹೊಣೆಯಿತ್ತು. ಮೊದಲ ವರ್ಷದಲ್ಲಿ ಪ್ರತಿ ಕೇಂದ್ರಕ್ಕೂ ಸುಮಾರು ಆರು ಬಾರಿ ಭೇಟಿ ಕೊಟ್ಟರು. ಬಳ್ಳಾರಿ, ಕಲಬುರಗಿ ಜಿಲ್ಲೆಗಳಲ್ಲಿ 108 ಕೇಂದ್ರಗಳನ್ನು ಎರಡು ಪಾಲು ಮಾಡಿ, 54ರಲ್ಲಿ ಈ ವ್ಯವಸ್ಥೆಯಿಟ್ಟು ಉಳಿದವುಗಳೊಡನೆ ಹೋಲಿಸಿದಾಗ, ಮಾರ್ಗದರ್ಶನ ದೊರೆತ ಕಡೆ ಸಿಬ್ಬಂದಿಯ ತಿಳಿವಳಿಕೆಯೂ ಹೆರಿಗೆಯ ಆರೈಕೆಯೂ ಸುಧಾರಿಸಿದ್ದು ಕಂಡಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಕಲಿಸುವವರು ತಪಾಸಣೆಗೆ ಬಂದ ಅಧಿಕಾರಿಗಳಾಗಿರಲಿಲ್ಲ, ಅದೇ ಕಸುಬಿನ ಹಿರಿಯಕ್ಕಂದಿರಾಗಿದ್ದರು. ಪಾಠ ನಡೆದದ್ದು ಬೆಂಗಳೂರಿನ ಸಭಾಂಗಣದಲ್ಲಲ್ಲ, ಸಿಬ್ಬಂದಿ ದಿನವೂ ದುಡಿಯುವ ಕೇಂದ್ರದಲ್ಲಿ. ತಮ್ಮ ಕೋಣೆಯ ದೀಪ ಎಲ್ಲಿದೆ, ಔಷಧದ ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇದೆ ಎಂಬುದೂ ಅಲ್ಲಿ ಪಾಠದ ಭಾಗವೇ ಆಗುತ್ತದೆ. ಜೀವ ಉಳಿಸುವಲ್ಲಿ ಇಂತಹ ಚಿಕ್ಕ ವಿಷಯಗಳು ಚಿಕ್ಕವಲ್ಲ.

ದೀಕ್ಷೆ ಒಮ್ಮೆ, ಪೂಜೆ ನಿತ್ಯ

ಇಷ್ಟಾದರೂ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಈ ಪಾಠ ಪೂರ್ಣವಾಗದು. ಬೆಳಗಾವಿ, ನಾಗಪುರ ಮತ್ತು ಆಫ್ರಿಕದ ಕೆನ್ಯಾದಲ್ಲಿ ಒಟ್ಟಾಗಿ ನಡೆದ ಇನ್ನೊಂದು ಅಧ್ಯಯನದಲ್ಲಿ ತರಬೇತಿ ಪಡೆದ ಸಿಬ್ಬಂದಿಯನ್ನು ತಿಂಗಳುಗಳ ನಂತರ ಮತ್ತೆ ಪರೀಕ್ಷಿಸಲಾಯಿತು. ತಲೆಯಲ್ಲಿದ್ದ ತಿಳಿವಳಿಕೆ ಬಹುಮಟ್ಟಿಗೆ ಉಳಿದಿತ್ತು. ಕೈಯ ಕೌಶಲ ಕುಗ್ಗಿತ್ತು. ಪುನಃ ಅಭ್ಯಾಸ ಮಾಡಿಸಿದಾಗ ಅದು ಮರಳಿತು. ಆ ಪ್ರದೇಶಗಳ ಒಟ್ಟು ಹೆರಿಗೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಶಿಶುಮರಣವು ಎಲ್ಲೆಡೆ ಒಂದೇ ಸಮನೆ ಇಳಿಯಲೂ ಇಲ್ಲ. ತಾಂಜಾನಿಯಾ ದೇಶದ ಹೈಡಮ್ ಎಂಬ ಗ್ರಾಮೀಣ ಆಸ್ಪತ್ರೆಯಲ್ಲಿಯೂ ಇದೇ ಅನುಭವ. ಒಂದು ದಿನದ ತರಬೇತಿಯ ನಂತರ ಸಿಬ್ಬಂದಿ ಗೊಂಬೆಯ ಮೇಲೆ ಚೆನ್ನಾಗಿ ಮಾಡಿ ತೋರಿಸಿದರೂ ನಿಜವಾದ ಹೆರಿಗೆಗಳಲ್ಲಿ ಅವರ ನಡೆ ಬದಲಾಗಲಿಲ್ಲ. ಗೊಂಬೆಯನ್ನು ಹೆರಿಗೆ ವಿಭಾಗದಲ್ಲಿಯೇ ಇರಿಸಿ, ಆಗಾಗ ಕೆಲವೇ ನಿಮಿಷ ಅಭ್ಯಾಸ ಮಾಡುವ ರೂಢಿ ಹಾಕಿದ ಮೇಲೆ ನಡೆ ಬದಲಾಯಿತು. ಹುಟ್ಟಿದ ಮೊದಲ ದಿನದ ಸಾವುಗಳು ಇಳಿದವು.

ಭಕ್ತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ದೀಕ್ಷೆ ಒಮ್ಮೆ ಆಗುತ್ತದೆ. ಲಿಂಗಪೂಜೆ ಮಾತ್ರ ದಿನವೂ ಆಗಬೇಕು. ದೀಕ್ಷೆಯ ದಿನವನ್ನು ನೆನೆದುಕೊಂಡು ಪೂಜೆಯನ್ನು ಬಿಟ್ಟವನನ್ನು ನಾವು ನಿಷ್ಠಾವಂತನೆನ್ನುವುದಿಲ್ಲ. ತರಬೇತಿಯ ಪ್ರಮಾಣಪತ್ರವೂ ಹಾಗೆಯೇ. ಅದು ಗೋಡೆಯ ಮೇಲಿರುತ್ತದೆ. ಕೌಶಲ ಕೈಯಲ್ಲಿರಬೇಕು, ಮತ್ತು ಕೈ ಮರೆಯುತ್ತದೆ. ಹೊರಗಿನವರ ನೆರವಿನ ಯೋಜನೆಗೆ ಕಾಲಮಿತಿಯುಂಟು, ತರಬೇತಿ ಪಡೆದ ಶುಶ್ರೂಷಕಿಗೆ ವರ್ಗಾವಣೆಯುಂಟು; ಹೆರಿಗೆ ಮಾತ್ರ ಯಾವುದಕ್ಕೂ ಕಾಯದೆ ಬರುತ್ತಲೇ ಇರುತ್ತದೆ. ಆದ್ದರಿಂದ ಯಾರು ಬಂದು ಕಲಿಸಿದರು ಎಂಬುದಕ್ಕಿಂತ, ಅವರು ಹೋದ ಮೇಲೆ ಅಭ್ಯಾಸ ಉಳಿಯಿತೇ ಎಂಬುದೇ ಸಹಭಾಗಿತ್ವದ ನಿಜವಾದ ಒರೆಗಲ್ಲು.

ಸರ್ಕಾರದ ಕಡೆಯಿಂದಲೂ ಕೆಲಸ ನಡೆದಿದೆ. ನವಜಾತ ಶಿಶು ಸುರಕ್ಷಾ ಕಾರ್ಯಕ್ರಮವು 2009ರಿಂದ ಹೆರಿಗೆ ಸಿಬ್ಬಂದಿಗೆ ಈ ಕೌಶಲವನ್ನು ಕಲಿಸುತ್ತಿದೆ. 2017ರಲ್ಲಿ ಆರಂಭವಾದ ಲಕ್ಷ್ಯ ಯೋಜನೆ ಹೆರಿಗೆ ಕೋಣೆಗಳ ಗುಣಮಟ್ಟಕ್ಕೆ ಸಂಬಂಧಿಸಿದ್ದು. ವೈದ್ಯಕೀಯ ಪದವಿಯ ಪಠ್ಯಕ್ರಮ 2019ರಲ್ಲಿ ಬದಲಾದ ಮೇಲೆ ಕಾಲೇಜುಗಳಲ್ಲಿ ಕೌಶಲ ಪ್ರಯೋಗಾಲಯ ಕಡ್ಡಾಯವಾಗಿದೆ. ವ್ಯವಸ್ಥೆಯ ಬೀಜ ಬಿದ್ದಿದೆ. ನೀರೆರೆಯುವ ಕೆಲಸದಲ್ಲಿ ಊರಿನವರ ಪಾಲೂ ಇದೆ.

ಭಕ್ತರು ಮಾಡಬೇಕಾದುದು

ಗರ್ಭಿಣಿಯಿರುವ ಮನೆಯವರು ಕೆಳಗಿನ ಮಾತುಗಳನ್ನು ಗಮನದಲ್ಲಿಡಬೇಕೆಂದು ಕೋರುತ್ತೇವೆ.

1. ತಾಯಿ ಕಾರ್ಡನ್ನು ಬೇಗ ಮಾಡಿಸಿ, ತಪಾಸಣೆಗಳನ್ನು ತಪ್ಪಿಸದೆ, ಹೆರಿಗೆ ಎಲ್ಲಿ ಆಗಬೇಕೆಂಬುದನ್ನು ಆಶಾ ಕಾರ್ಯಕರ್ತೆ ಮತ್ತು ವೈದ್ಯರೊಡನೆ ಮಾತನಾಡಿ ಮುಂಚೆಯೇ ನಿಶ್ಚಯಿಸಿರಿ. ತೊಡಕಿನ ಗರ್ಭವಾದರೆ ಭಾಲ್ಕಿ ಅಥವಾ ಬೀದರಿನ ದೊಡ್ಡ ಆಸ್ಪತ್ರೆಗೆ ಮೊದಲೇ ಹೋಗುವುದು ಒಳಿತು.

2. ತೊಳೆದು ಬಿಸಿಲಿಗೆ ಒಣಗಿಸಿದ ಮೆತ್ತನೆಯ ಹತ್ತಿಬಟ್ಟೆಗಳನ್ನು, ಕೂಸಿನ ತಲೆಗೆ ಕುಲಾವಿಯನ್ನು ಜೊತೆಗೆ ಒಯ್ಯಿರಿ. ಒಂದು ಬಟ್ಟೆ ಒರೆಸಲು, ಇನ್ನೊಂದು ಹೊದಿಸಲು.

3. ನೋವು ಬೇಗ ಬರಲೆಂದು ಚುಚ್ಚುಮದ್ದು ಹಾಕಿರೆಂದು ಯಾರನ್ನೂ ಒತ್ತಾಯಿಸಬೇಡಿರಿ. ಅಗತ್ಯವಿಲ್ಲದೆ, ಸರಿಯಾದ ನಿಗಾ ಇಲ್ಲದೆ ಕೊಟ್ಟ ಅಂತಹ ಮದ್ದಿನಿಂದ ಗರ್ಭಕೋಶ ಬಿಗಿದು ಮಗುವಿನ ಉಸಿರಿಗೇ ಸಂಚಕಾರ ಬರುತ್ತದೆ.

4. ಅಳದ ಮಗುವನ್ನು ಕಾಲು ಹಿಡಿದು ತಲೆಕೆಳಗಾಗಿ ತೂಗುವುದು, ಬಡಿಯುವುದು, ತಣ್ಣೀರು ಚಿಮುಕಿಸುವುದು ಬೇಡ. ಒರೆಸುವುದು, ಬೆಚ್ಚಗಿಡುವುದು, ಬೆನ್ನುಜ್ಜುವುದು, ಗಾಳಿ ಕೊಡುವುದು ಇವೇ ಸರಿಯಾದ ಕ್ರಮ. ಶುಶ್ರೂಷಕಿ ಅದರಲ್ಲಿ ತೊಡಗಿರುವಾಗ ಸುತ್ತ ನೆರೆದು ಕೂಗಾಡದೆ ಆಕೆಗೆ ಜಾಗ ಕೊಡಿರಿ.

5. ಉಸಿರಾಡುತ್ತಿರುವ ಮಗುವನ್ನು ತಾಯಿಯ ಎದೆಗೆ ತಾಗಿಸಿಡಿರಿ. ಮೊದಲ ಗಂಟೆಯೊಳಗೆ ಎದೆಹಾಲು ಕೊಡಿಸಿರಿ. ಒಂದು ದಿನದವರೆಗೆ ಸ್ನಾನ ಬೇಡ.

ಊರಿನ ಹಿರಿಯರಿಗೆ, ಯುವಕ ಸಂಘಗಳಿಗೆ, ಅಕ್ಕನ ಬಳಗದ ತಾಯಂದಿರಿಗೆ ನಮ್ಮದೊಂದು ವಿನಂತಿ. ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಊರಿನವರಿಗೂ ಸ್ಥಾನವಿದೆ. ಸುಣ್ಣಬಣ್ಣ, ಕುರ್ಚಿ, ಬೋರ್ಡುಗಳ ಮಾತಿನ ಜೊತೆಗೆ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಿರಿ. ಹೆರಿಗೆ ಕೋಣೆಯಲ್ಲಿ ನವಜಾತ ಶಿಶುವಿನ ಅಳತೆಯ ಚೀಲ ಮತ್ತು ಮಾಸ್ಕ್ ಸುಸ್ಥಿತಿಯಲ್ಲಿವೆಯೇ? ರಾತ್ರಿ ಪಾಳಿಯವರೂ ಅವನ್ನು ಬಳಸಲು ಕಲಿತಿದ್ದಾರೆಯೇ? ಅಭ್ಯಾಸಕ್ಕೆ ಗೊಂಬೆಯಿದೆಯೇ, ಕಳೆದ ತಿಂಗಳಲ್ಲಿ ಅದನ್ನು ಯಾರಾದರೂ ಮುಟ್ಟಿದ್ದಾರೆಯೇ? ತಪ್ಪು ಹುಡುಕಲೆಂದು ಕೇಳುವುದು ಬೇಡ; ಬೇಕಾದುದನ್ನು ಒದಗಿಸುವ ಮನಸ್ಸಿನಿಂದ ಕೇಳಿರಿ. ಜಾತ್ರೆಯಲ್ಲಿ, ಮದುವೆಯಲ್ಲಿ, ಹಿರಿಯರ ಸ್ಮರಣೆಯಲ್ಲಿ ದಾನ ಮಾಡಬಯಸುವವರು ವೈದ್ಯಾಧಿಕಾರಿಗಳನ್ನು ವಿಚಾರಿಸಿ ಅಂತಹ ಗೊಂಬೆಯೊಂದನ್ನು ಕೇಂದ್ರಕ್ಕೆ ಅರ್ಪಿಸಿದರೆ ಅದೂ ದಾಸೋಹವೇ. ಅನ್ನದಾಸೋಹ ಹಸಿವನ್ನು ನೀಗಿದರೆ ಇದು ಉಸಿರನ್ನು ಕಾಯುತ್ತದೆ.

ಹನ್ನೆರಡನೆಯ ಶತಮಾನದ ಶರಣ ಸಂಕುಲದಲ್ಲಿ ವೈದ್ಯ ಸಂಗಣ್ಣನವರು ವೈದ್ಯವನ್ನೇ ಕಾಯಕವಾಗಿ ಸ್ವೀಕರಿಸಿದ್ದರು. ಕಾಯಕ ಶುದ್ಧವಾಗಿರಬೇಕೆಂದರೆ ಮನಸ್ಸು ಶುದ್ಧವಾಗಿದ್ದರೆ ಸಾಲದು, ಕೈಯೂ ಪಳಗಿರಬೇಕು. ರಾತ್ರಿ ಪಾಳಿಯಲ್ಲಿ ಒಬ್ಬಂಟಿಯಾಗಿ ಹೆರಿಗೆ ಮಾಡಿಸುವ ಆ ಶುಶ್ರೂಷಕಿ ಬಿಡುವಿನ ಐದು ನಿಮಿಷ ಗೊಂಬೆಯ ಎದೆ ಎದ್ದಿತೇ ಎಂದು ನೋಡುತ್ತ ಕೂತರೆ, ಅದು ಆಕೆಯ ಶಿವಪೂಜೆ. ಆಕೆಗೆ ಆ ಗೊಂಬೆಯೂ ಆ ಐದು ನಿಮಿಷವೂ ದೊರೆಯುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಸೇವೆ.